ಸುಣ್ಣದ ಗೆರೆಯ ಗಿರಣಿ

ಬೈಲಹೊಂಗಲ,
ಗುರುವಾರ, ೨೭ ಜನೆವರಿ ೨೦೦೫

ಮುದ್ದಿನ ಮೊಮ್ಮಗಳು ಪ್ರಜ್ಞಾಳಿಗೆ ಮುತ್ಯಾ ಶಟ್ಟೆಪ್ಪನ ಮನಸಾರೆ ಹರಕೆ.

ಹೇಗಿದ್ದೀಯಾ ಮಗಳೇ? ಪರೀಕ್ಷೆ ಮುಗಿಯಿತೇ? ಹುಬ್ಬಳ್ಳಿಯ ನಿನ್ನ ಹಾಸ್ಟೆಲ್ಲಿನಲ್ಲಿ ಬೆಳಗಿನ ಉಪ್ಪಿಟ್ಟು ಈಗಲೂ ಗೋಡೆಗೆ ಒಗೆದರೆ ಅಂಟಿಕೊಳ್ಳುವ ಹಾಗೆಯೇ ಇರುತ್ತದೆಯೋ, ಅಡುಗೆಯವನು ಬದಲಾದನೋ? ವಾರ್ಡಿನಲ್ಲಿ ದಿನವಿಡೀ ನಿಂತು ಕಾಲು ಬಾವು ಬರುತ್ತದೆ ಎಂದು ದೀಪಾವಳಿಗೆ ಬಂದಾಗ ಹೇಳಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟುಕೋ. ನರ್ಸ್ ಆಗುವವಳಿಗೆ ಹೇಳಿಕೊಡುವಷ್ಟು ನಾನು ಓದಿದವನಲ್ಲ, ಆದರೂ ಮುತ್ಯಾ ಆದ ಮೇಲೆ ಏನಾದರೂ ಹೇಳಲೇಬೇಕಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಪ್ಪ ವಿರೂಪಾಕ್ಷನಿಗೆ ಗೌಂಡಿ ಕೆಲಸ ಕೈತುಂಬ ಇದೆ. ನಿನ್ನ ಅವ್ವ ಹೊಲಿಗೆ ಯಂತ್ರದ ಮುಂದಿನಿಂದ ಏಳುತ್ತಿಲ್ಲ. ಯಾಕೆ ಎಂಬುದನ್ನು ಮುಂದೆ ಬರೆಯುತ್ತೇನೆ. ಆಯಿ ಈಗ ತಾನೇ ಹತ್ತಿಯ ಗಿರಣಿಯಿಂದ ಬಂದು ಹಿತ್ತಲಲ್ಲಿ ಮುಖ ತೊಳೆಯುತ್ತ ಹಾಡು ಹೇಳುತ್ತಿದ್ದಾಳೆ. ಅಪಸ್ವರ ಮೊದಲಿನಷ್ಟೇ ಇದೆ, ನಡುನಡುವೆ ಬರುತ್ತಿದ್ದ ಕೆಮ್ಮು ಮಾತ್ರ ಕಡಿಮೆ.

ಎರಡೂವರೆ ತಿಂಗಳಿಂದ ನಿನಗೆ ಸರಿಯಾದ ಒಂದು ಕಾಗದ ಬರೆಯಲಿಲ್ಲ. ಎಸ್‌ಟಿಡಿ ಬೂತಿನಿಂದ ಎರಡು ಸಲ ಮಾತಾಡಿದ್ದನ್ನು ಮಾತು ಅನ್ನಲಾರೆ. ಆ ಡಬ್ಬಿಯ ಮೇಲೆ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ ನಿಂತರೆ ನನ್ನ ಬಾಯಿಯೇ ಕಟ್ಟಿಹೋಗುತ್ತದೆ. ಎಲ್ಲ ಒಂದು ದಡ ಮುಟ್ಟಲಿ, ಆಮೇಲೆ ಕೂತು ಬರೆಯೋಣ ಎಂದು ಸುಮ್ಮನಿದ್ದೆ. ಕಾಗದದಲ್ಲಿ ಮಾತಾಡಿದ ಹಾಗೆ ಬರೆಯಬಾರದು ಎಂದು ಏಳನೆಯ ಇಯತ್ತೆಯಲ್ಲಿ ನಮ್ಮ ಮಾಸ್ತರರು ಅಂಗೈಗೆ ಹೊಡೆದು ಕಲಿಸಿದ್ದಾರೆ. ಅದಕ್ಕೆ ನಾನು ಪುಸ್ತಕದ ಹಾಗೆ ಬರೆಯುತ್ತೇನೆ. ಮಂದಿ ಆಡಿದ್ದನ್ನು ಮಾತ್ರ ಅವರು ಆಡಿದಂತೆಯೇ ಇಡುತ್ತೇನೆ, ಇಲ್ಲದಿದ್ದರೆ ನಿನ್ನ ಆಯಿಯನ್ನು ನೀನು ಗುರುತು ಹಿಡಿಯಲಾರೆ.

ನೀನು ನವೆಂಬರಿನಲ್ಲಿ ಬರೆದ ಕಾಗದದಿಂದಲೇ ಇದೆಲ್ಲ ಶುರುವಾಯಿತು. ದೀಪಾವಳಿಗೆ ಬಂದವಳು ನೀನು ಆಯಿಯ ಹಿಂದೆ ಹಿಂದೆ ತಿರುಗುತ್ತ ಏನೇನೋ ಕೇಳುತ್ತಿದ್ದೆ. ಪ್ರೀತಿಗೆ ಕೇಳುತ್ತೀ ಎಂದುಕೊಂಡಿದ್ದೆ. ಹೋದ ಮೇಲೆ ಬರೆದೆ, ಆಯಿಯ ಕೆಮ್ಮು ನೆಗಡಿಯದಲ್ಲ ಎಂದು. ರಜೆ ಮುಗಿಸಿ ಗಿರಣಿಗೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತದೆ, ಎರಡು ಮೂರು ದಿನಕ್ಕೆ ಸಡಿಲಾಗುತ್ತದೆ, ಮತ್ತೆ ರಜೆ ಬಂತೆಂದರೆ ಮರುದಿನ ಅದೇ ಪಾಡು, ಇದು ಹತ್ತಿಯ ಧೂಳಿನಿಂದ ಬರುವ ಜಡ್ಡು, ಆಯಿಯನ್ನು ಕೆಲಸ ಬಿಡಿಸು ಎಂದು. ನಾನು ಅದನ್ನು ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದಿದೆ. ನಿನ್ನ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: “ಬಿಟ್ಟು ಮನ್ಯಾಗ ಕುಂತು ದಿನಾ ನಿನ್ನ ಮಾರಿ ನೋಡಲೇನು? ಅದಕ್ಕಿಂತ ಧೂಳ ಚಲೋ.” ಎಲ್ಲರೂ ನಕ್ಕೆವು. ರೊಟ್ಟಿ ಹಂಚಿನ ಮೇಲೆ ಹಾಕಿದ ಮೇಲೆ ಆಕೆ ಮತ್ತೊಂದು ಮಾತು ಅಂದಳು, ಅದಕ್ಕೆ ಯಾರೂ ನಗಲಿಲ್ಲ: “ನಾ ಬಿಟ್ರ ನನ್ನ ಜಾಗಾಕ್ಕ ಇನ್ನೊಬ್ಬಾಕಿ ಬರತಾಳ. ಧೂಳ ಆಕಿ ಎದ್ಯಾಗ ಹೋಗತೈತಿ. ಅದೇನ್ ಚಲೋ ಆತು?”

ನಿನ್ನ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಮರುದಿನ ಗಿರಣಿಯ ಗೇಟು ಕಾಯುವ ಪಾಳಿಗೆ ಹೋದೆ. ಸಾವಕಾರ ಅಂದಾನೆಪ್ಪನವರಿಗೆ ತೋರಿಸಲೋ ಬೇಡವೋ ಎಂದು ನಾಲ್ಕು ದಿನ ಹಾಗೆಯೇ ಇಟ್ಟುಕೊಂಡು ತಿರುಗಿದೆ. ಐದನೆಯ ದಿನ ಅವರೇ ಒಂದು ಕಾಗದ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಆಫೀಸಿನಿಂದ ಹೊರಗೆ ಬಂದರು. ನಮ್ಮ ಅರಳೆ ಕೊಳ್ಳುವ ಕೊಯಮತ್ತೂರಿನ ನೂಲಿನ ಮಿಲ್ಲಿನವರು ಬರೆದಿದ್ದರು. ಬೈಲಹೊಂಗಲದಿಂದ ಬಂದ ಬೇಲುಗಳಲ್ಲಿ ತಲೆಗೂದಲು ಸಿಕ್ಕಿದೆ, ಸೀರೆಯ ಎಳೆ ಸಿಕ್ಕಿದೆ, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಸಿಕ್ಕಿದೆ, ಒಂದರಲ್ಲಿ ಕೋಳಿಯ ಪುಕ್ಕವೂ ಸಿಕ್ಕಿದೆ. ಹೀಗೇ ಆದರೆ ಮುಂದಿನ ವರ್ಷದಿಂದ ನಿಮ್ಮ ಮಾಲು ಬೇಡ. “ಕೋಳಿ ನಾ ಸಾಕೀನೇನ್ ಶಟ್ಟೆಪ್ಪಾ?” ಎಂದು ನನ್ನನ್ನೇ ಕೇಳಿದರು. ಅವರ ಕೈಯಲ್ಲಿ ಅವರ ಕಾಗದವಿತ್ತು, ನನ್ನ ಕಿಸೆಯಲ್ಲಿ ನನ್ನದು. “ಸಾವಕಾರ್ರ, ನನ್ನ ಕಡೀನೂ ಒಂದು ಐತ್ರಿ” ಎಂದು ಕೊಟ್ಟುಬಿಟ್ಟೆ. ಅವರ ಸೊಸೆ ವಿಜಯಕ್ಕನವರು ಬಾಗಿಲಲ್ಲಿ ನಿಂತಿದ್ದರು. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿದ ಹೆಣ್ಣುಮಗಳು, ಗಿರಣಿಗೆ ಕಟ್ಟುತ್ತಿದ್ದ ಹೊಸ ಶೆಡ್ಡಿನ ಕೆಲಸವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಎರಡೂ ಕಾಗದಗಳನ್ನು ತೆಗೆದುಕೊಂಡು ಒಳಗೆ ಹೋದರು.

ಎರಡು ದಿನ ಬಿಟ್ಟು ಹೆಣ್ಣಾಳುಗಳನ್ನೆಲ್ಲ ಹೊಸ ಶೆಡ್ಡಿಗೆ ಕರೆಸಿದರು. ಗೋಡೆ ಎದ್ದಿತ್ತು, ತಗಡು ಹಾಕಿತ್ತು, ನೆಲ ಇನ್ನೂ ಬರಿ ಮಣ್ಣು, ಯಂತ್ರಗಳು ಬಂದಿರಲಿಲ್ಲ. ಗೋಡೆ ಕಟ್ಟಿದವನು ನಿನ್ನ ಅಪ್ಪನೇ ಆದ್ದರಿಂದ ಆತನೂ ಮೂಲೆಯಲ್ಲಿ ನಿಂತಿದ್ದ. ವಿಜಯಕ್ಕನವರು ಕೊಯಮತ್ತೂರಿನವರ ಷರತ್ತುಗಳನ್ನು ಓದಿದರು: ಹತ್ತಿಯನ್ನು ನೆಲದ ಮೇಲೆ ಹಾಕಬಾರದು, ಹತ್ತಿಗೆ ತೇವ ತಾಗಬಾರದು, ಹತ್ತಿಗೆ ಧೂಳು ಕೂಡಬಾರದು, ಕೆಲಸದವರು ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಳ್ಳಬೇಕು. ಟೊಪ್ಪಿಗೆ ಅನ್ನುತ್ತಲೇ ಬಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಮದುವಿ ಬ್ಯಾಂಡಿನವ್ರಂಗ ಕಾಣತೇವೇನ್ರಿ?” ಎಂದು ನಗಲು ಶುರುಮಾಡಿದಳು. ನಿನಗೆ ನೆನಪಿದೆಯಲ್ಲ, ಆಯಿಯ ಜೋಡಿ ಕೆಲಸ ಮಾಡುವ ಗಿಡ್ಡ ಹೆಂಗಸು, ನಗಲು ಶುರುಮಾಡಿದರೆ ಕೂತುಬಿಡುವವಳು. ನಿನ್ನ ಆಯಿ ಮಾತ್ರ ನಗಲಿಲ್ಲ. ಎದ್ದು ನಿಂತು ಕೇಳಿದಳು: “ಅಕ್ಕಾರ, ಹತ್ತಿಗಿ ಧೂಳ ತಾಗಬಾರ್ದು ಅಂತ ಬರದಾರ. ನಮ್ಮ ಎದಿಗಿ ತಾಗಬಾರ್ದು ಅಂತ ಎಲ್ಲರೆ ಬರದಾರೇನ್ರಿ?”

ಸಾವಕಾರರು ತಗಡನ್ನು ನೋಡುತ್ತಿದ್ದರು. ವಿಜಯಕ್ಕನವರು ತಮ್ಮ ಪುಸ್ತಕದೊಳಗಿನಿಂದ ನಿನ್ನ ಕಾಗದವನ್ನು ತೆಗೆದು, “ಬರದಾರ, ರಾಯವ್ವಾ. ನಿನ್ನ ಮೊಮ್ಮಗಳು ಬರದಾಳ” ಅಂದರು. ಆಮೇಲೆ ಗೋಡೆಯ ಪಕ್ಕ ಇದ್ದ ಸುಣ್ಣದ ಚೀಲವನ್ನು ನಿನ್ನ ಅಪ್ಪನ ಕೈಲಿ ತರಿಸಿ, ದೊಡ್ಡ ಊರಿನ ತಜ್ಞರು ಮಾಡಿಕೊಟ್ಟಿದ್ದ ನಕ್ಷೆಯನ್ನು ನೋಡುತ್ತ, ನೆಲದ ಮೇಲೆ ಸುಣ್ಣದ ಗೆರೆ ಎಳೆಯತೊಡಗಿದರು. ಇಲ್ಲಿ ಹತ್ತಿಯ ರಾಶಿ, ಇಲ್ಲಿ ಕಾಳು ಬಿಡಿಸುವ ಯಂತ್ರಗಳ ಸಾಲು, ಇಲ್ಲಿ ಮೋಟರಿನ ಪಟ್ಟಾ, ಅಂದರೆ ಬೆಲ್ಟು, ಓಡುವ ಜಾಗ, ಅಲ್ಲಿ ಹತ್ತಿಕಾಳು ಬೀಳುವ ಗುಂಡಿ, ಆ ಕಡೆ ಅರಳೆ ಒತ್ತಿ ಬೇಲ್ ಕಟ್ಟುವ ಯಂತ್ರ. ಪೂರಾ ಗಿರಣಿ ನೆಲದ ಮೇಲೆ ಬಿಳಿ ಗೆರೆಯಲ್ಲಿ ಬಂತು. “ಈಗ ನಿಮ್ಮ ದಿನದ ಕೆಲಸ ಇದರಾಗ ಮಾಡಿ ತೋರಸ್ರಿ. ಎಲ್ಲಿ ಅಡ್ಡಿ ಬರತೈತಿ ಹೇಳ್ರಿ” ಅಂದರು.

ಮಗಳೇ, ಆ ದಿನ ನೀನು ಇರಬೇಕಾಗಿತ್ತು. ಮೊದಲು ಎಲ್ಲರೂ ನಾಚಿಕೊಂಡರು. ಆಮೇಲೆ ನಿನ್ನ ಆಯಿ ಖಾಲಿ ಬುಟ್ಟಿಯೊಂದನ್ನು ತಲೆಯ ಮೇಲಿಟ್ಟುಕೊಂಡು ರಾಶಿಯ ಗೆರೆಯಿಂದ ಯಂತ್ರದ ಗೆರೆಯ ಕಡೆಗೆ ಹೊರಟಳು. ಹಿಂದೆಯೇ ಉಳಿದವರೂ ಹೊರಟರು. ಬಾಯವ್ವ ಯಂತ್ರವೇ ಆಗಿ ನಿಂತು ಬಾಯಿಂದ ಗಡಗಡ ಸಪ್ಪಳ ಮಾಡತೊಡಗಿದಳು. ನಾಲ್ಕು ಹೆಜ್ಜೆ ನಡೆದು ಆಯಿ ನಿಂತಳು: “ಇಲ್ಲಿ ಪಟ್ಟಾ ಓಡತೈತಿ ಅಂದ್ರಿ. ಬುಟ್ಟಿ ಹೊತ್ತು ದಿನಾ ನಾ ಇದರ ಮಗ್ಗಲದಾಗ ಹಾಯಬೇಕು. ಒಂದಿನ ಸೆರಗು ಹೊಕ್ಕರ ಸೆರಗಿನ ಜೋಡಿ ನಾನೂ ಹೊಕ್ಕೆ.” ವಿಜಯಕ್ಕನವರು ಸುಣ್ಣವನ್ನು ಕಾಲಿನಿಂದ ಅಳಿಸಿ ಪಟ್ಟಾವನ್ನು ಗೋಡೆಯ ಆಚೆಗೆ ಸರಿಸಿದರು. ಬಾಯವ್ವ ಸಪ್ಪಳ ನಿಲ್ಲಿಸಿ, ಈ ಯಂತ್ರದ ಬಾಯಿ ತನ್ನ ಗದ್ದಕ್ಕೆ ಬರುತ್ತದೆ, ಬುಟ್ಟಿ ಎತ್ತಿ ಸುರಿದು ಸುರಿದು ಭುಜ ಬೀಳುತ್ತದೆ, ಒಂದು ಕಟ್ಟೆ ಬೇಕು ಅಂದಳು. ಅದೂ ಬಂತು. ಈ ಗದ್ದಲದಲ್ಲಿ ಸಾವಕಾರರು ಎಲ್ಲಿ ನಿಂತಿದ್ದೇನೆ ಎಂದು ನೋಡಿಕೊಂಡಿರಲಿಲ್ಲ. ಬಾಯವ್ವ ಕೂಗಿದಳು: “ಸಾವಕಾರ್ರ, ನೀವು ಪಟ್ಟಾದಾಗ ನಿಂತೀರಿ! ಧೋತರ ಹೋತ್ರಿ!” ಅವರು ಹೌಹಾರಿ ನಿಜವಾಗಿಯೂ ಧೋತರ ಎತ್ತಿ ಹಾರಿ ಈಚೆಗೆ ಬಂದರು. ಅರವತ್ತು ವರ್ಷದ ಅಂದಾನೆಪ್ಪನವರು ಹಾಗೆ ನಕ್ಕಿದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಚಹಾ ತರಿಸಿದರು.

ಚಹಾ ಕುಡಿಯುವಾಗ ಆಯಿ ಮತ್ತೊಂದು ಹೇಳಿದಳು, ಅದು ಎಲ್ಲಕ್ಕಿಂತ ದೊಡ್ಡದಾಯಿತು. ಹತ್ತಿಯ ಸುಗ್ಗಿಯ ನಾಲ್ಕು ತಿಂಗಳೂ ನಮ್ಮಲ್ಲಿ ಗಾಳಿ ಬೀಸುವುದು ಮೂಡಣದಿಂದ. ನಕ್ಷೆಯಲ್ಲಿ ಹತ್ತಿಯ ರಾಶಿ ಮೂಡಣ ಬಾಗಿಲಿಗೇ ಇತ್ತು. ರಾಶಿಯ ಮೇಲಿನ ಧೂಳನ್ನೆಲ್ಲ ಗಾಳಿ ಹೊತ್ತು ಯಂತ್ರದ ಮುಂದೆ ನಿಂತವರ ಮುಖಕ್ಕೇ ತರುತ್ತದೆ. “ರಾಶಿ ಪಡುವಣಕ್ಕ ಹಾಕ್ರಿ. ಗಾಳಿ ಮೊದಲ ನಮಗ ಬರಲಿ, ಆಮ್ಯಾಲ ರಾಶಿಗಿ ಹೋಗಲಿ, ಧೂಳ ತನ್ನ ಪಾಡಿಗಿ ತಾ ಹೊರಗ ಹೋಗಲಿ” ಅಂದಳು. ವಿಜಯಕ್ಕನವರು ತಲೆಯ ಮೇಲೆ ಕೈ ಇಟ್ಟುಕೊಂಡು, ತಜ್ಞರು ಬಂದಿದ್ದು ಜುಲೈ ತಿಂಗಳಲ್ಲಿ, ಆಗ ಗಾಳಿ ಪಡುವಣದ್ದು ಅಂದರು. ಎಲ್ಲರೂ ನಿನ್ನ ಅಪ್ಪನ ಕಡೆ ನೋಡಿದರು. ಪಡುವಣದ ಗೋಡೆಯನ್ನು ಆತ ಹದಿನೆಂಟು ದಿನ ತೂಕಗುಂಡು ಹಿಡಿದು ಹಿಡಿದು ಕಟ್ಟಿದ್ದ. ಇಡೀ ಶೆಡ್ಡಿನಲ್ಲಿ ಅದೇ ಚಂದದ ಗೋಡೆ. “ಅವ್ವಾ, ಈ ಮಾತ ಒಂದು ತಿಂಗಳ ಹಿಂದ ಹೇಳಾಕ ಬಾಯಿ ಇರಲಿಲ್ಲೇನ?” ಅಂದ. ಆಯಿ, “ಕೇಳಿದವ್ರ್ಯಾರು?” ಅಂದಳು. ಮರುದಿನ ಆತನೇ ಸುತ್ತಿಗೆ ಹಿಡಿದು ಗೋಡೆ ಒಡೆದ. ಎರಡು ದಿನ ಆಯಿಯ ಜೊತೆ ಮಾತು ಬಿಟ್ಟಿದ್ದ, ಮೂರನೆಯ ದಿನ ಹುರಿಗಡಲೆ ಚಟ್ನಿ ನೋಡಿ ರಾಜಿಯಾದ. ಆ ಜಾಗದಲ್ಲಿ ಈಗ ಅಗಲವಾದ ಬಾಗಿಲು, ಮೇಲೆ ಧೂಳನ್ನು ಹೊರಗೆ ಎಳೆಯುವ ನಾಲ್ಕು ದೊಡ್ಡ ಫ್ಯಾನು ಇವೆ.

ಇನ್ನು ನನ್ನ ಎಡಗೈಯ ಹೋದ ಬೆರಳುಗಳ ಕಥೆ. ಡಿಸೆಂಬರ್ ಮೊದಲ ವಾರದಲ್ಲಿ ವಿಜಯಕ್ಕನವರು ಗೇಟಿನ ಹತ್ತಿರ ಬಂದು, “ಶಟ್ಟೆಪ್ಪಜ್ಜಾ, ನಿಮ್ಮ ಬೆರಳ ಹೆಂಗ ಹೋದೂವ್ರಿ?” ಎಂದು ಕೇಳಿದರು. ಹದಿನೆಂಟು ವರ್ಷದಲ್ಲಿ ನೋವಾಯಿತೇ ಎಂದು ಕೇಳಿದವರಿದ್ದಾರೆ, ಅಯ್ಯೋ ಅಂದವರಿದ್ದಾರೆ, ಹೇಗೆ ಹೋದವು ಎಂದು ಒಬ್ಬರೂ ಕೇಳಿರಲಿಲ್ಲ. ನಾನು ಹೇಳಿದೆ: ಒದ್ದೆ ಹತ್ತಿಯಿಂದ ಹೋದವು. ಒಣಗಿದ ಹತ್ತಿ ಯಂತ್ರದಲ್ಲಿ ಹೂವಿನ ಹಾಗೆ ಹಾಯುತ್ತದೆ. ಒದ್ದೆಯಾಗಿದ್ದರೆ ರೋಲರಿಗೆ ಸುತ್ತಿಕೊಂಡು ಕಟ್ಟುತ್ತದೆ. ಕಟ್ಟಿದರೆ ಮೇಲಿನವರು ಕೂಗುತ್ತಾರೆ. ಕೂಗಿದರೆ ನಿಲ್ಲಿಸದೆಯೇ ಕೈ ಹಾಕಿ ಜಗ್ಗುತ್ತೇವೆ. ಹತ್ತಿ ಒದ್ದೆ ಯಾಕೆ ಇರುತ್ತದೆ ಎಂದು ಕೇಳಿದರು. ತೂಕ ಬರಲಿ ಎಂದು ಊರಲ್ಲಿ ಗಾಡಿ ತುಂಬುವಾಗ ಒಂದೆರಡು ಕೊಡ ನೀರು ಚಿಮುಕಿಸುತ್ತಾರಲ್ಲ, ಅದಕ್ಕೆ ಅಂದೆ. “ಹಂಗಾರ ಇಲ್ಲಿ ಕುಂತು ನಾ ಎಷ್ಟು ಚಲೋ ಗಿರಣಿ ಕಟ್ಟಿದ್ರೂ ಉಪಯೋಗಿಲ್ಲ. ನಾವು ಹೊಲಕ್ಕ ಹೋಗಬೇಕು” ಅಂದರು.

ಹೋದೆವು. ಸಾವಕಾರರ ಜೀಪು, ಅದರಲ್ಲಿ ಅವರು, ವಿಜಯಕ್ಕನವರು, ನಾನು. ಮುನವಳ್ಳಿಯಲ್ಲಿ ಮಿರ್ಚಿ ಭಜಿ ತಿಂದು, ನವಿಲುತೀರ್ಥದ ನೀರನ್ನು ದೂರದಿಂದ ನೋಡಿಕೊಂಡು, ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಮುಟ್ಟಿದಾಗ ಹೊತ್ತು ಏರಿತ್ತು. ನಮ್ಮ ಗಿರಣಿಗೆ ಅತಿ ಹೆಚ್ಚು ಹತ್ತಿ ಕಳಿಸುವವರು ಅಲ್ಲಿಯ ಸೋಮಪ್ಪನವರು. ಅಂಗಳದಲ್ಲಿ ಹೊರಸು ಹಾಕಿ ಸಾವಕಾರರನ್ನು ಕೂಡಿಸಿದರು. ನಾನು ಎಂದಿನಂತೆ ಜೀಪಿನ ಹತ್ತಿರವೇ ನಿಂತೆ. ವಿಜಯಕ್ಕನವರು ಹೊರಸಿನ ಅರ್ಧ ಬಿಟ್ಟು ಸರಿದು, “ಬರ್ರಿ ಅಜ್ಜಾ, ಕುಂದರ್ರಿ. ಮಾತ ನಿಮ್ಮದೈತಿ” ಅಂದರು. ಕೂತೆ.

ನೀರಿನ ವಿಷಯ ಎತ್ತಿದ ಕೂಡಲೇ ಸೋಮಪ್ಪನವರು ಮುಚ್ಚುಮರೆ ಮಾಡಲಿಲ್ಲ. “ಎಲ್ಲಾರೂ ಹಾಕತಾರ್ರಿ. ನಾ ಒಬ್ಬಾಂವ ಬಿಟ್ರ ನಾ ಶಾಣ್ಯಾ ಆಗಂಗಿಲ್ಲ, ಹುಚ್ಚ ಆಗತೇನಿ” ಅಂದರು. ನಾನು ಎಡಗೈಯನ್ನು ಹೊರಸಿನ ಮೇಲೆ ಇಟ್ಟೆ. ಕೈ ನಿನಗೆ ಗೊತ್ತು. ಉಳಿದ ಆ ಮೂರು ಬೆರಳು ಹಿಡಿದೇ ನಡೆಯಲು ಕಲಿತವಳು ನೀನು. “ಸೋಮಪ್ಪಣ್ಣಾರ, ಯಾವ ಊರಿನ ಗಾಡಿ ಅಂತ ನನಗ ಗೊತ್ತಿಲ್ಲ. ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ಒಂದು ಕೊಡ ನೀರಂದ್ರ ಇಷ್ಟ ನೋಡ್ರಿ” ಅಂದೆ. ಅವರು ನನ್ನ ಕೈಯನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಸಾವಕಾರರು ಆಗ ಮಾತು ಕೊಟ್ಟರು: ಒಣ ಹತ್ತಿ ತಂದವರ ಗಾಡಿಗೆ ಸರದಿಯಿಲ್ಲ, ಬಂದ ಕೂಡಲೇ ತೂಕ, ದರವೂ ಮೇಲು; ಒದ್ದೆ ಬಂದರೆ ಯಾರದೇ ಇರಲಿ, ಗೇಟಿನಿಂದಲೇ ವಾಪಸು.

ಒಳಬಾಗಿಲಿನಿಂದ ಸೋಮಪ್ಪನವರ ಹೆಂಡತಿ ರಾಚವ್ವನವರು ಮಾತಿಗೆ ಬಂದರು. “ಗಿರಣ್ಯಾಗಿನ ಹೆಣ್ಮಕ್ಕಳ ಸುದ್ದಿ ಆತು. ಹತ್ತಿ ಬಿಡಸೂ ನಮ್ಮ ಸುದ್ದಿ ಯಾರ್ ಮಾತಾಡಬೇಕ್ರಿ? ಎಣ್ಣಿ, ಗೊಬ್ಬರ ತುಂಬಿದ ಚೀಲಾನ ನಡಕ್ಕ ಕಟಗೊಂಡು ಬಿಡಸತೇವಿ. ಹೊಟ್ಟಿ ತುಂಬ ತುರಿಕಿ ಎದ್ದಾವ.” ಬೆಳೆಗೆ ಹೊಡೆಯುವ ಔಷಧಕ್ಕೆ ಅಲ್ಲಿ ಎಣ್ಣೆ ಅನ್ನುತ್ತಾರೆ. ವಿಜಯಕ್ಕನವರು ಥಟ್ಟನೆ ಕೊಯಮತ್ತೂರಿನ ಕಾಗದ ತೆಗೆದು, ಪ್ಲಾಸ್ಟಿಕ್ ದಾರ ಸಿಕ್ಕಿದೆ ಎಂದು ಬರೆದಿದ್ದ ಸಾಲನ್ನು ಓದಿ ತೋರಿಸಿದರು. ಆ ದಾರ ಬಂದದ್ದು ಇದೇ ಚೀಲದಿಂದ! ಅಲ್ಲೇ ನಿಂತು ತೀರ್ಮಾನವಾಯಿತು: ಬಿಡಿಸುವವರಿಗೆಲ್ಲ ಗಿರಣಿಯಿಂದ ಮಾದರಪಾಟಿನ ಬಟ್ಟೆಯ ಚೀಲ. ಸೊಂಟಕ್ಕೆ ಅಗಲ ಪಟ್ಟಿ, ಮುಂದೆ ದೊಡ್ಡ ಬಾಯಿ. ಹೊಲಿಯುವವರು ಯಾರು? ನಿನ್ನ ಅವ್ವ ಮತ್ತು ನಮ್ಮ ಓಣಿಯ ನಾಲ್ಕು ಜನ. ಆರು ನೂರು ಚೀಲ ಹೊಲಿದಿದ್ದಾರೆ, ಇನ್ನೂ ಬೇಕಂತೆ. ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಬಿಳಿ ಬಟ್ಟೆಯ ತುಂಡು. ನಿನ್ನೆ ನನ್ನ ಊಟದ ತಾಟಿನ ಕೆಳಗೂ ಒಂದು ಸಿಕ್ಕಿತು. ಬರುವಾಗ ರಾಚವ್ವನವರು ನನಗೆ ಒಂದು ಸೇರು ಅಲಸಂದಿ ಕಟ್ಟಿಕೊಟ್ಟರು. ಆಯಿ ಅದನ್ನು ನೀನು ಬರುವವರೆಗೆ ಮುಟ್ಟಬಾರದು ಎಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ.

ಜನೆವರಿ ಮೂರಕ್ಕೆ ಹೊಸ ಶೆಡ್ಡು ಶುರುವಾಯಿತು. ಯಂತ್ರಗಳ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಕೆಂಪು ಹಗ್ಗ ಕಟ್ಟಿದ್ದಾರೆ. ಹತ್ತಿ ಕಟ್ಟಿಕೊಂಡರೆ ಯಾರೂ ಕೈ ಹಾಕಬಾರದು, ಹಗ್ಗ ಎಳೆಯಬೇಕು, ಎಲ್ಲ ಯಂತ್ರ ಒಮ್ಮೆಲೇ ನಿಲ್ಲುತ್ತವೆ. ಸಾವಕಾರರಿಗೆ ಇದು ಮನಸ್ಸಿಗೆ ಒಪ್ಪಿರಲಿಲ್ಲ. “ಒಬ್ಬಾಕಿ ಜಗ್ಗಿದ್ರ ಹದಿನಾಕು ಮಂದಿ ಕೆಲಸ ನಿಂದ್ರತೈತಿ” ಎಂದು ಗೊಣಗಿದ್ದರು. ಸಂಕ್ರಾಂತಿಗೆ ಎರಡು ದಿನ ಮೊದಲು ಕೊಯಮತ್ತೂರಿಗೆ ಮೊದಲ ಲಾರಿ ಹೊರಡಬೇಕಾಗಿತ್ತು. ಬೇಲು ಕಡಿಮೆ ಬಿದ್ದವು. ಅವಸರದಲ್ಲಿ ಸಾವಕಾರರು ಬೇರೆ ಕಡೆಯ ದಲಾಲಿಯೊಬ್ಬನಿಂದ ಒಂದು ಟೆಂಪೊ ಹತ್ತಿ ತರಿಸಿ, ನೋಡದೆಯೇ ಒಳಗೆ ಬಿಡಿಸಿದರು. ನಾನು ಗೇಟಿನಲ್ಲಿ, “ಚೀಲದಾಗ ಕೈ ಹಾಕಿ ನೋಡಲೇನ್ರಿ?” ಎಂದು ಕೇಳಿದ್ದಕ್ಕೆ, “ಇವತ್ತೊಂದಿನ ಬಿಡೋ ಮಾರಾಯಾ” ಅಂದರು.

ಮಧ್ಯಾಹ್ನ ಮೂರರ ಸುಮಾರಿಗೆ ಗಿರಣಿ ಥಟ್ಟನೆ ನಿಂತಿತು. ಅಷ್ಟು ಸಪ್ಪಳ ಒಮ್ಮೆಲೇ ಹೋದರೆ ಕಿವಿಗೆ ಭಯವಾಗುತ್ತದೆ ಮಗಳೇ. ಬೇವಿನ ಮರದ ಗಿಳಿಗಳ ದನಿ ಕೇಳಿಸಿತು. ನನ್ನ ಕೈ ಸಿಕ್ಕ ದಿನ ಗಿರಣಿ ನಿಂತಿರಲಿಲ್ಲ. ಒಬ್ಬನು ಮೋಟರಿನ ಖೋಲಿಗೆ ಓಡಿ, ಕೀಲಿ ಹುಡುಕಿ, ತೆಗೆದು ನಿಲ್ಲಿಸುವವರೆಗೆ ಅದು ತಿರುಗುತ್ತಲೇ ಇತ್ತು. ಒಳಗೆ ಹೋಗಲು ನನಗೆ ಧೈರ್ಯವಾಗಲಿಲ್ಲ, ಆದರೂ ಹೋದೆ. ಬಾಯವ್ವ ಕಟ್ಟೆಯ ಮೇಲೆ ನಿಂತಿದ್ದಳು. ಆಕೆಯ ಬಲಗೈ ರೋಲರಿನ ಬಾಯಿಂದ ನಾಲ್ಕು ಬೆರಳು ದೂರದಲ್ಲಿ, ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಹಳೆಯ ರೂಢಿ, ಹತ್ತಿ ಕಟ್ಟಿದ ಕೂಡಲೇ ಕೈ ತಾನಾಗಿಯೇ ಹೋಗಿತ್ತು. ಪಕ್ಕದಲ್ಲಿದ್ದ ನಿನ್ನ ಆಯಿ ಎರಡೂ ಕೈಯಿಂದ ಹಗ್ಗಕ್ಕೆ ಜೋತುಬಿದ್ದಿದ್ದಳು. ನಿಂತ ಮೇಲೂ ಬಿಟ್ಟಿರಲಿಲ್ಲ.

ಸಾವಕಾರರು ಓಡಿ ಬಂದರು. “ಯಾರ್ ನಿಲ್ಲಿಸಿದವ್ರು? ಲಾರಿ ಹೊಂಟು ನಿಂತೈತಿ!” ಆಯಿ ಹಗ್ಗ ಹಿಡಿದೇ, “ನಾನ್ರಿ” ಅಂದಳು. ಆಮೇಲೆ ಬಾಯವ್ವನ ಕೈಯನ್ನು ಹಿಡಿದು ಎತ್ತಿ ಅವರ ಮುಂದೆ ಮಾಡಿದಳು. ಸಾವಕಾರರು ಆ ಕೈಯನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ನೋಡಿದರು. ನೆಟ್ಟಗೆ ರಾಶಿಯ ಹತ್ತಿರ ಹೋಗಿ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಹತ್ತಿ ಹೊರಗೆ ತೆಗೆದು ಹಿಂಡಿದರು. ಅಂಗೈ ಒದ್ದೆಯಾಯಿತು. ಅದನ್ನು ಧೋತರಕ್ಕೆ ಒರೆಸಿಕೊಂಡು, “ಶಟ್ಟೆಪ್ಪಾ, ನೀ ಕೇಳಿದ್ದಿ. ತಪ್ಪು ನಂದು. ಟೆಂಪೊ ತುಂಬಿ ವಾಪಸ್ ಕಳಸು” ಅಂದರು. ಆಯಿಯ ಕಡೆ ತಿರುಗಿ, “ರಾಯವ್ವಾ, ಹಿಂಗ ಮತ್ತ ಆದ್ರ ಹಿಂಗ ಜಗ್ಗು. ನಾ ಎದುರಿಗಿ ನಿಂತ್ರೂ ಜಗ್ಗು” ಅಂದರು. ಬಾಯವ್ವ ಅಲ್ಲೇ ಕೂತು ಅತ್ತಳು, ಅಳುತ್ತ ಅಳುತ್ತ ನಗಲು ಶುರುಮಾಡಿದಳು, ಆಮೇಲೆ ಎಲ್ಲರಿಗೂ ನಗು ಹತ್ತಿತು. ಲಾರಿ ಎರಡು ದಿನ ತಡವಾಗಿ, ಒಣ ಹತ್ತಿಯ ಬೇಲುಗಳನ್ನೇ ಹೊತ್ತು ಹೊರಟಿತು. ಸಂಕ್ರಾಂತಿಗೆ ಬಾಯವ್ವ ಹತ್ತೂ ಬೆರಳಿನಿಂದ ಮಾಡಿದ ಶೇಂಗಾ ಹೋಳಿಗೆ ಎಂದು ಹೇಳಿಕೊಂಡು ಓಣಿಗೆಲ್ಲ ಹಂಚಿದಳು.

ನಿನ್ನೆ ಧ್ವಜ ಹಾರಿಸಿದ ಮೇಲೆ ಸಾವಕಾರರು ಕೊಯಮತ್ತೂರಿನಿಂದ ಬಂದ ಉತ್ತರ ಓದಿ ಪೇಢೆ ಹಂಚಿದರು. ಕೂದಲಿಲ್ಲ, ದಾರವಿಲ್ಲ, ಮಾಲು ಚೆನ್ನಾಗಿದೆ, ಮುಂದಿನ ವರ್ಷವೂ ಕಳಿಸಿ ಎಂದು ಬರೆದಿದ್ದಾರೆ. ಬಿಳಿ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ನಿಂತ ಹೆಣ್ಣುಮಕ್ಕಳು ನಿಜವಾಗಿಯೂ ಬ್ಯಾಂಡಿನವರ ಹಾಗೆಯೇ ಕಂಡರು. ಈ ಸಲ ಧ್ವಜದ ಹಗ್ಗ ಎಳೆದವಳು ನಿನ್ನ ಆಯಿ. ಹಗ್ಗ ಎಳೆಯುವುದು ಈಕೆಗೆ ಚೆನ್ನಾಗಿ ಬರುತ್ತದೆ ಎಂದು ಸಾವಕಾರರೇ ಚಾಷ್ಟಿ ಮಾಡಿದರು. ಇವತ್ತು ರಜೆಯ ಮರುದಿನ, ನೀನು ಹೇಳಿದ ಆ ಕೆಟ್ಟ ದಿನ. ಬೆಳಗ್ಗೆಯಿಂದ ಗೇಟಿನಲ್ಲಿ ನಿಂತು ಆಕೆಯ ಕೆಮ್ಮಿಗೆ ಕಿವಿಗೊಟ್ಟಿದ್ದೆ. ಎರಡು ಸಲ ಕೆಮ್ಮಿದಳು. ಪೂರ್ತಿ ಹೋಗಿದೆ ಎಂದು ನಾನು ಬರೆಯುವುದಿಲ್ಲ, ಇಪ್ಪತ್ತೈದು ವರ್ಷದ ಧೂಳು ಇಪ್ಪತ್ತೈದು ದಿನಕ್ಕೆ ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೆ ಸಂಜೆ ಮನೆಗೆ ಬರುವಾಗ ಬುಟ್ಟಿಯನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಬಂದಳು, ದಾರಿಯುದ್ದಕ್ಕೂ ಮಾತಾಡುತ್ತ ಬಂದಳು. ಬರೆದುಕೊಂಡಿರು, ನಿನ್ನ ಪುಸ್ತಕದಲ್ಲಿ ಅದಕ್ಕೂ ಏನಾದರೂ ಹೆಸರಿರಬಹುದು.

ಕಾಗದ ಉದ್ದವಾಯಿತು, ಬೆಳಗಿನ ಮೊದಲ ಅಂಚೆಗೆ ಹಾಕಬೇಕು. ಆಯಿ ಇಲ್ಲಿಂದಲೇ ನಿನ್ನ ಎರಡೂ ಗಲ್ಲ ಸವರಿ ನೆಟಿಗೆ ತೆಗೆದಿದ್ದಾಳೆ. ಅಪ್ಪ ಅವ್ವ ನೆನೆಸಿದ್ದಾರೆ. ಬಾಯವ್ವ, “ನನ್ನ ಕೈ ಉಳಿಸಿದ್ದು ನಿನ್ನ ಮೊಮ್ಮಗಳು ಬರದ ಕಾಗದ” ಎಂದು ಹೇಳಲು ಹೇಳಿದ್ದಾಳೆ. ನಿನ್ನ ಕೋಣೆಯ ಗೆಳತಿಯರಿಗೆಲ್ಲ ಜೈ ಭೀಮ್. ಓದಿ ದೊಡ್ಡವಳಾಗು, ಎದೆತುಂಬ ಉಸಿರಾಡುತ್ತ ನೂರು ಕಾಲ ಬಾಳು.

ನಿನ್ನ ಮುತ್ಯಾ,
ಶಟ್ಟೆಪ್ಪ

ತಾ.ಕ.: ಮುಖ್ಯವಾದದ್ದನ್ನೇ ಮರೆತಿದ್ದೆ. ವಿಜಯಕ್ಕನವರು ನಿಮ್ಮ ದೊಡ್ಡಾಸ್ಪತ್ರೆಯ ಡಾಕ್ಟರರ ಜೊತೆ ಮಾತಾಡಿದ್ದಾರೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಗಿರಣಿಯ ಹದಿನಾಲ್ಕು ಹೆಣ್ಣುಮಕ್ಕಳು ಎದೆ ತೋರಿಸಲು ಟೆಂಪೊದಲ್ಲಿ ಬರುತ್ತಾರೆ. ನೀನು ಗೇಟಿನಲ್ಲಿ ನಿಂತಿರು. ಕೊಳವೆಯಲ್ಲಿ ಊದಬೇಕು ಅಂದರೆ ಆಯಿ ಒಲ್ಲೆ ಅನ್ನುತ್ತಾಳೆ. ಮೊದಲು ನೀನು ಊದಿ ತೋರಿಸು, ಆಮೇಲೆ ನಿನಗಿಂತ ಜೋರಾಗಿ ಊದುತ್ತಾಳೆ. ಮತ್ತೊಂದು. ಮನೆಯ ಮುಂದಿನ ಏರಿನಲ್ಲಿ ನಾನು ಈಗ ಉಸಿರಿಗಾಗಿ ಎರಡು ಸಲ ನಿಲ್ಲುತ್ತೇನೆ. ಯಾರಾದರೂ ನೋಡಿದರೆ ಚಪ್ಪಲಿ ಸರಿಮಾಡಿಕೊಳ್ಳುತ್ತೇನೆ. ಬೆರಳು ಹೋಗುವ ಮೊದಲು ನಾನೂ ಇಪ್ಪತ್ತೈದು ವರ್ಷ ಒಳಗೆ ಅದೇ ಧೂಳಿನಲ್ಲಿ ಇದ್ದವನಲ್ಲವೇ? ಯಾರಿಗೂ ಹೇಳಿಲ್ಲ. ಆಯಿಗೆ ಟೆಂಪೊದಲ್ಲಿ ನಾನೇ ಹೇಳುತ್ತೇನೆ, ಅಲ್ಲಿ ಆಕೆ ಬಯ್ದರೂ ಹದಿಮೂರು ಜನ ನನ್ನ ಪರವಾಗಿರುತ್ತಾರೆ. ಹೆದರಬೇಡ. ಡಾಕ್ಟರರ ಪಟ್ಟಿಯಲ್ಲಿ ಹದಿನೈದನೆಯ ಹೆಸರು ಶಟ್ಟೆಪ್ಪ ಎಂದು ನಿನ್ನ ಕೈಯಿಂದಲೇ ಬರೆದಿಡು.